ಹನಿಯ ಕಾವಲು

ಬಾದಾಮಿ ಸೀಮೆಯಲ್ಲಿ ದವಾಖಾನೆಗೆ ಹೋಗಿ ಬಂದವರನ್ನು ಮಾತಾಡಿಸಿದರೆ ಮೊದಲು ಕೇಳಿಬರುವ ಮಾತು ‘ಎರಡು ಬಾಟ್ಲಿ ಸಲಾಯನ್ ಹಚ್ಚಿದ್ರು’ ಎಂಬುದು. ಬಾಟಲಿಗಳ ಲೆಕ್ಕದ ಮೇಲೆಯೇ ಜಡ್ಡು ಎಷ್ಟು ದೊಡ್ಡದಿತ್ತೆಂದು ಊರು ಅಳೆಯುತ್ತದೆ. ಆ ಬಾಟಲಿ ಎಷ್ಟು ತಾಸಿನಲ್ಲಿ ಖಾಲಿಯಾಯಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ವೈದ್ಯಕೀಯದ ಚರಿತ್ರೆಯನ್ನು ಓದುವ ನಮ್ಮ ರೂಢಿಯೂ ಹೆಚ್ಚುಕಡಿಮೆ ಹೀಗೆಯೇ ಇದೆ. ಯಾವ ಔಷಧಿಯನ್ನು ಯಾರು ಕಂಡುಹಿಡಿದರು ಎಂಬುದು ಶಾಲೆಯ ಪುಸ್ತಕದಲ್ಲಿ ಸಿಗುತ್ತದೆ. ಆ ಔಷಧಿ ರೋಗಿಯ ಮೈಯೊಳಗೆ ಯಾವ ವೇಗದಲ್ಲಿ ಇಳಿಯಬೇಕು, ಆ ವೇಗವನ್ನು ಯಾರು ಕಾಯಬೇಕು ಎಂಬ ಪ್ರಶ್ನೆಗೆ ಅಲ್ಲಿ ಜಾಗ ಕಡಿಮೆ. ನಾನಿಲ್ಲಿ ಹೇಳಹೊರಟಿರುವುದು ಆ ವೇಗದ ಕತೆಯನ್ನು. ದೊಡ್ಡ ಆಸ್ಪತ್ರೆಯ ಐಸಿಯುಗಳಲ್ಲಿ ಹಾಸಿಗೆಯ ಪಕ್ಕದ ಕಂಬಕ್ಕೆ ಕಚ್ಚಿಕೊಂಡು, ಹಸಿರು ಅಂಕಿ ತೋರಿಸುತ್ತಾ, ಆಗಾಗ ಕೂಗುವ ಇನ್‌ಫ್ಯೂಷನ್ ಪಂಪ್ ಎಂಬ ಪುಟ್ಟ ಪೆಟ್ಟಿಗೆ ಈ ಕತೆಯ ಇತ್ತೀಚಿನ ಅಧ್ಯಾಯ.

ಹನಿಯ ವೇಗವನ್ನು ಹಿಡಿದಿಡುವ ಯೋಚನೆ ನಮಗೆ ಹೊಸದಲ್ಲ. ಶಿವನ ಗುಡಿಗಳಲ್ಲಿ ಲಿಂಗದ ಮೇಲೆ ತೂಗುವ ಧಾರಾಪಾತ್ರೆಯನ್ನು ನೋಡಿ. ತಾಮ್ರದ ತಂಬಿಗೆಯ ತಳದಲ್ಲಿ ಸಣ್ಣ ತೂತು. ನೀರು ಧೋ ಎಂದು ಸುರಿಯದಂತೆ ಆ ತೂತಿನಲ್ಲಿ ದರ್ಭೆಯನ್ನೋ ನೂಲನ್ನೋ ಇಳಿಬಿಟ್ಟಿರುತ್ತಾರೆ. ಪಾತ್ರೆ ತುಂಬಿದ್ದಾಗ ಹನಿ ಬಿರುಸು, ನೀರು ತಳ ಕಂಡಂತೆ ಹನಿ ನಿಧಾನ. ಮೇಲಿರುವ ನೀರಿನ ಎತ್ತರವೇ ಕೆಳಗಿನ ವೇಗವನ್ನು ನಿರ್ಧರಿಸುತ್ತದೆ ಎಂಬುದನ್ನು ಇಟಲಿಯ ಟಾರಿಸೆಲ್ಲಿ 17ನೇ ಶತಮಾನದಲ್ಲಿ ಗಣಿತದ ಸೂತ್ರವಾಗಿ ಬರೆದ. ದೇವರಿಗೆ ಈ ಏರಿಳಿತದಿಂದ ತೊಂದರೆಯಿಲ್ಲ. ಮನುಷ್ಯರ ರಕ್ತನಾಳಕ್ಕೆ ತೊಂದರೆಯಿದೆ.

ದೇಹದೊಳಗೆ ದ್ರವವನ್ನು ಒತ್ತಿ ಕಳಿಸುವ ಹಳೆಯ ಉಪಕರಣವೊಂದು ಆಯುರ್ವೇದದಲ್ಲಿ ಸಿಗುತ್ತದೆ. ‘ಬಸ್ತಿ’ ಎಂದರೆ ಮೂತ್ರಕೋಶ. ಪ್ರಾಣಿಯ ಮೂತ್ರಕೋಶವನ್ನು ಹದಮಾಡಿ, ಬಾಯಿಗೆ ಕೊಳವೆ ಕಟ್ಟಿ, ಔಷಧಿ ತುಂಬಿ ಕೈಯಿಂದ ಹಿಂಡುತ್ತಿದ್ದರು. ಆ ಚಿಕಿತ್ಸೆಗೇ ಬಸ್ತಿ ಎಂಬ ಹೆಸರು ಬಂತು. ಇಲ್ಲಿ ನನ್ನ ಗಮನ ಸೆಳೆಯುವುದು ಸುಶ್ರುತ ಸಂಹಿತೆ ಕೊಡುವ ಎಚ್ಚರಿಕೆ: ತೀರಾ ಬೇಗ ಒತ್ತಬಾರದು, ತೀರಾ ನಿಧಾನವೂ ಮಾಡಬಾರದು. ಔಷಧಿ ಸರಿಯಾಗಿದ್ದರೂ ಒತ್ತುವ ಕೈ ತಪ್ಪಿದರೆ ಚಿಕಿತ್ಸೆ ಕೆಡುತ್ತದೆ ಎಂದು ಆ ವೈದ್ಯರಿಗೆ ತಿಳಿದಿತ್ತು.

ಅದೇ ಮೂತ್ರಕೋಶ 1656ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಮತ್ತೆ ಕಾಣಿಸಿಕೊಂಡಿತು. ಮುಂದೆ ಲಂಡನ್ನಿನ ಸೇಂಟ್ ಪಾಲ್ ಚರ್ಚನ್ನು ಕಟ್ಟಲಿದ್ದ ಕ್ರಿಸ್ಟೋಫರ್ ರೆನ್ ಹಕ್ಕಿಯ ಗರಿಯ ಟೊಳ್ಳು ಕಡ್ಡಿಗೆ ಮೂತ್ರಕೋಶ ಕಟ್ಟಿ, ನಾಯಿಯೊಂದರ ರಕ್ತನಾಳಕ್ಕೆ ಅಫೀಮು ಬೆರೆಸಿದ ದ್ರಾಕ್ಷಾರಸವನ್ನು ಹಿಂಡಿದ. ನಾಯಿ ಮಂಪರಿಗೆ ಹೋಗಿ, ಆಮೇಲೆ ಚೇತರಿಸಿಕೊಂಡಿತು. ರಕ್ತ ಮೈಯೊಳಗೆ ಸುತ್ತು ಹೊಡೆಯುತ್ತದೆಂದು ವಿಲಿಯಂ ಹಾರ್ವೆ ಬರೆದದ್ದು 1628ರಲ್ಲಿ. ರಕ್ತ ಸುತ್ತುತ್ತದೆ ಎಂದಮೇಲೆ ಅದರೊಳಗೆ ಹಾಕಿದ್ದು ಎಲ್ಲ ಕಡೆ ತಲುಪಬೇಕಲ್ಲ ಎಂಬುದು ರೆನ್‌ನ ತರ್ಕ. ತರ್ಕ ಸರಿಯಿತ್ತು. ಆದರೆ ಅದು ರೋಗಿಯ ಹಾಸಿಗೆಯವರೆಗೆ ಉಪಯುಕ್ತವಾಗಿ ಬರಲು ಸುಮಾರು 175 ವರ್ಷ ಹಿಡಿಯಿತು. ತಂದದ್ದು ಕಾಲರಾ.

1831ರಲ್ಲಿ ಕಾಲರಾ ಬ್ರಿಟನ್ನಿಗೆ ಕಾಲಿಟ್ಟಾಗ ಅಲ್ಲಿನ ವೈದ್ಯರು ರೋಗಿಗಳ ರಕ್ತವನ್ನೇ ಹೊರಹರಿಸಿ ಚಿಕಿತ್ಸೆ ಮಾಡುತ್ತಿದ್ದರು. ಆಗ 22ರ ಆಸುಪಾಸಿನ ತರುಣ ವೈದ್ಯ ವಿಲಿಯಂ ಓಷಾನೆಸಿ ಕಾಲರಾ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದು ನೀರನ್ನೂ ಉಪ್ಪಿನಂಶವನ್ನೂ ಕಳೆದುಕೊಂಡು ಗಟ್ಟಿಯಾಗಿದೆ, ಕಳೆದದ್ದನ್ನು ನಾಳದ ಮೂಲಕ ತುಂಬಬೇಕು ಎಂದು ಪ್ರಕಟಿಸಿದ. ಇದೇ ಓಷಾನೆಸಿ ಮುಂದೆ ಭಾರತಕ್ಕೆ ಬಂದು ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದ. 1850ರ ದಶಕದಲ್ಲಿ ದೇಶದ ಉದ್ದಗಲಕ್ಕೆ ತಂತಿ ಎಳೆಸಿದವನೂ ಅವನೇ. ನಮ್ಮ ಚರಿತ್ರೆಯ ಪುಸ್ತಕಗಳು ಅವನನ್ನು ನೆನೆಯುವುದು ಟೆಲಿಗ್ರಾಫಿಗಾಗಿ.

ಓಷಾನೆಸಿ ಹೇಳಿದ್ದನ್ನು ಮಾಡಿ ನೋಡಿದವನು ಸ್ಕಾಟ್ಲೆಂಡಿನ ಲೀತ್ ಪಟ್ಟಣದ ವೈದ್ಯ ಥಾಮಸ್ ಲಾಟ್ಟಾ. 1832ರ ಮೇ ತಿಂಗಳು. ಎಲ್ಲ ಮದ್ದೂ ಸೋತು, ಇನ್ನೇನು ಉಸಿರು ನಿಲ್ಲಬೇಕು ಎಂಬ ಸ್ಥಿತಿಯಲ್ಲಿದ್ದ ಮುದುಕಿಯೊಬ್ಬಳ ತೋಳಿನ ನಾಳಕ್ಕೆ ಅವನು ಕೊಳವೆ ಹಾಕಿ ಉಪ್ಪುನೀರನ್ನು ಔನ್ಸ್ ಔನ್ಸಾಗಿ ಒತ್ತತೊಡಗಿದ. ಅರ್ಧ ತಾಸಿನಲ್ಲಿ ಆರು ಪಿಂಟ್, ನಮ್ಮ ಲೆಕ್ಕದಲ್ಲಿ ಸುಮಾರು 3.4 ಲೀಟರ್, ಒಳಗೆ ಹೋಯಿತು. ಗುಳಿಬಿದ್ದ ಕಣ್ಣು ಮೇಲೆ ಬಂದವು, ನಾಡಿ ಸಿಕ್ಕಿತು, ತಣ್ಣಗಾಗಿದ್ದ ಕೈಕಾಲು ಬೆಚ್ಚಗಾದವು. ರೋಗಿ ಪಾರಾದಳೆಂದು ನಂಬಿದ ಲಾಟ್ಟಾ ಬೇರೆ ಕೆಲಸಕ್ಕಾಗಿ ಅವಳನ್ನು ಆಸ್ಪತ್ರೆಯ ಇನ್ನೊಬ್ಬ ವೈದ್ಯನಿಗೆ ಒಪ್ಪಿಸಿ ಹೊರಟ. ಅವನು ಹೋಗಿ ಹೆಚ್ಚು ಹೊತ್ತಾಗಿರಲಿಲ್ಲ, ವಾಂತಿಭೇದಿ ಮರಳಿತು. ಐದೂವರೆ ತಾಸಿನಲ್ಲಿ ಮುದುಕಿ ತೀರಿಕೊಂಡಳು. ಮತ್ತೊಮ್ಮೆ ನೀರು ಕೊಟ್ಟಿದ್ದರೆ ಅವಳು ಉಳಿಯುತ್ತಿದ್ದಳು ಎಂದು ಲಾಟ್ಟಾ ತಾನೇ ವರದಿಯಲ್ಲಿ ಬರೆದ.

ಸಲೈನಿನ ಚರಿತ್ರೆಯಲ್ಲಿ ಈ ಘಟನೆಯನ್ನು ಒಂದು ಗೆಲುವಿನ ಮೊದಲ ಹೆಜ್ಜೆಯಾಗಿ ಹೇಳುವುದುಂಟು. ನನಗೆ ಅದರೊಳಗೆ ಬೇರೊಂದು ಪಾಠವೂ ಕಾಣುತ್ತದೆ. ಲಾಟ್ಟಾನ ಔಷಧಿ ಸರಿಯಿತ್ತು. ಕೊಟ್ಟ ಪ್ರಮಾಣ ಆ ಹೊತ್ತಿಗೆ ಸಾಕಾಗಿತ್ತು. ಇಲ್ಲದೇ ಹೋದದ್ದು ನಿರಂತರತೆ. ಅರ್ಧ ತಾಸು ಸುರಿದು, ಆಮೇಲೆ ಐದು ತಾಸು ಸುಮ್ಮನಿರುವುದು ಈ ರೋಗಕ್ಕೆ ಒಗ್ಗುವುದಿಲ್ಲ. ಎಷ್ಟು ಸೋರುತ್ತಿದೆಯೋ ಅಷ್ಟನ್ನು ತುಂಬುತ್ತಲೇ ಇರಬೇಕು. ಅದಕ್ಕೆ ಪಕ್ಕದಲ್ಲಿ ಕೂತ ಕೈಯೊಂದು ಬೇಕು.

ಲಾಟ್ಟಾ 1833ರಲ್ಲಿ ತೀರಿಕೊಂಡ. ಕಾಲರಾ ಇಳಿಯಿತು, ಅವನ ವಿಧಾನವೂ ಮರೆಯಾಯಿತು. 1876–78ರ ಬರಗಾಲದ ಹೊತ್ತಿಗೆ ಬಾದಾಮಿ ಮುಂಬೈ ಪ್ರಾಂತದ ಕಲಾದಗಿ ಜಿಲ್ಲೆಯ ಒಂದು ತಾಲ್ಲೂಕು. ಬರದ ಹಿಂದೆಯೇ ಕಾಲರಾ ದಕ್ಷಿಣ ಭಾರತದ ಉದ್ದಕ್ಕೂ ನಡೆದು ಬಂತು. ಮುದುಕಿಯ ಕಣ್ಣು ಮೇಲೆ ತಂದ ಆ ಉಪ್ಪುನೀರಿಗೆ ಆಗ 45 ವರ್ಷ ವಯಸ್ಸಾಗಿತ್ತು. ಅದನ್ನು ನಾಳಕ್ಕೆ ಕೊಡುವುದು ಇನ್ನೂ ವೈದ್ಯರ ರೂಢಿಗೆ ಬಂದಿರಲಿಲ್ಲ. 20ನೇ ಶತಮಾನದ ಆರಂಭದಲ್ಲಿ ಕಲ್ಕತ್ತಾದ ಲಿಯೊನಾರ್ಡ್ ರಾಜರ್ಸ್ ಹೆಚ್ಚು ಉಪ್ಪಿನ ಸಲೈನನ್ನು ಕಾಲರಾ ರೋಗಿಗಳಿಗೆ ಕೊಟ್ಟು ಸಾವನ್ನು ಗಣನೀಯವಾಗಿ ಇಳಿಸಿದ ಮೇಲೆಯೇ ಈ ಚಿಕಿತ್ಸೆ ನಮ್ಮ ದೇಶದಲ್ಲಿ ಬೇರೂರಿತು.

ಬಾಟಲಿ, ನಳಿಗೆ, ಹನಿ ಬೀಳುವುದು ಕಾಣುವ ಪುಟ್ಟ ಕೋಣೆ, ಬಿಗಿ–ಸಡಿಲ ಮಾಡುವ ಚಕ್ರ: ಇಂದಿನ ಡ್ರಿಪ್ ಇಷ್ಟೇ. ಇದು ಧಾರಾಪಾತ್ರೆಯ ತಮ್ಮ. ಲೆಕ್ಕ ಸುಲಭ. ಸಾಮಾನ್ಯ ಸೆಟ್ಟಿನಲ್ಲಿ 20 ಹನಿ ಸೇರಿದರೆ ಒಂದು ಮಿಲಿಲೀಟರ್. 500 ಮಿಲಿಲೀಟರಿನ ಬಾಟಲಿಯೆಂದರೆ 10,000 ಹನಿ. ಅದು ಎಂಟು ತಾಸಿನಲ್ಲಿ ಇಳಿಯಬೇಕಾದರೆ ನಿಮಿಷಕ್ಕೆ 21 ಹನಿ ಬೀಳಬೇಕು. ಕೈಗಡಿಯಾರ ನೋಡುತ್ತಾ ಹನಿ ಎಣಿಸುವ ನರ್ಸನ್ನು ನಾವೆಲ್ಲ ಕಂಡಿದ್ದೇವೆ. ತೊಡಕು ಇರುವುದು ಎಣಿಸಿ ಹೋದ ಮೇಲೆ. ರೋಗಿ ಮಗ್ಗುಲು ಬದಲಿಸಿದರೆ, ಕೈ ಎತ್ತಿದರೆ, ಮೊಣಕೈ ಮಡಚಿದರೆ, ಬಾಟಲಿಯಲ್ಲಿ ನೀರು ಇಳಿದರೆ ಹನಿಯ ವೇಗ ಬದಲಾಗುತ್ತದೆ.

ಹಿಂದೊಮ್ಮೆ ಬಂಧುವೊಬ್ಬರ ಜೊತೆ ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿ ಕಳೆದಾಗ ಕೇಳಿದ ಮಾತೊಂದು ನೆನಪಿದೆ. ಪಕ್ಕದ ಹಾಸಿಗೆಯ ಹಿರಿಯರು ಬೆಳಗಿನ ಮೊದಲ ಬಸ್ಸಿಗೆ ಊರು ಸೇರುವ ಅವಸರದಲ್ಲಿದ್ದರು. ‘ಅಕ್ಕಾರ, ಈ ಗಾಲಿ ಒಂಚೂರು ಸಡ್ಲ ಮಾಡ್ಲೇನ್ರೀ? ಲಗೂ ಮುಗೀತೈತಿ’ ಎಂದರು. ಸಿಸ್ಟರ್ ನಕ್ಕು, ‘ಬ್ಯಾಡ್ರೀ ಯಜಮಾನ್ರ, ಹೊಲಕ್ಕ ನೀರ ಬಿಟ್ಟಂಗಲ್ಲ ಇದು. ಲಗೂ ಹೋದ್ರ ಎದಿ ತಡಕೊಳ್ಳೂದಿಲ್ಲ’ ಎಂದು ಚಕ್ರವನ್ನು ಇನ್ನಷ್ಟು ಬಿಗಿದು ಹೋದರು. ವೈದ್ಯಕೀಯ ಪಠ್ಯ ಹಲವು ಪುಟಗಳಲ್ಲಿ ಹೇಳುವುದನ್ನು ಆಕೆ ಎರಡೇ ಮಾತಿನಲ್ಲಿ ಹೇಳಿದ್ದರು. ಬರೀ ಉಪ್ಪುನೀರೇ ಅವಸರದಲ್ಲಿ ಹರಿದರೆ ದುರ್ಬಲ ಹೃದಯದವರ ಶ್ವಾಸಕೋಶದಲ್ಲಿ ನೀರು ತುಂಬೀತು. ಪೊಟ್ಯಾಸಿಯಂ ಅವಸರದಲ್ಲಿ ಹರಿದರೆ ಹೃದಯವೇ ನಿಂತೀತು. ಹೆರಿಗೆಯ ನೋವು ಬರಿಸುವ ಆಕ್ಸಿಟೋಸಿನ್ ಮಿತಿ ಮೀರಿದರೆ ತಾಯಿಯ ಗರ್ಭಕೋಶಕ್ಕೂ ಒಳಗಿನ ಕೂಸಿಗೂ ಅಪಾಯ.

ಹಾಗಾದರೆ ದಣಿಯದ, ನಿದ್ದೆ ಮಾಡದ ಕೈಯನ್ನು ಎಲ್ಲಿಂದ ತರುವುದು? ಉತ್ತರ ನಮ್ಮ ಹೊಟ್ಟೆಯಲ್ಲೇ ಇತ್ತು. ನುಂಗಿದ ತುತ್ತು ಬರೀ ತೂಕದಿಂದ ಕೆಳಗೆ ಬೀಳುವುದಿಲ್ಲ. ಅನ್ನನಾಳದ, ಕರುಳಿನ ಗೋಡೆಯ ಸ್ನಾಯುಗಳು ತುತ್ತಿನ ಹಿಂದೆ ಬಿಗಿದು, ಮುಂದೆ ಸಡಿಲಗೊಂಡು, ಅಲೆಯಲೆಯಾಗಿ ಅದನ್ನು ತಳ್ಳುತ್ತವೆ. ತಲೆಕೆಳಗಾಗಿ ನಿಂತವನೂ ನೀರು ನುಂಗಬಲ್ಲ. ಈ ಚಲನೆಗೆ ಪೆರಿಸ್ಟಾಲ್ಸಿಸ್ ಎಂದು ಹೆಸರು. ಹಸುವಿನ ಹಾಲು ಕರೆದವರ ಕೈಗೂ ಇದು ಗೊತ್ತು. ಹೆಬ್ಬೆರಳು–ತೋರುಬೆರಳು ಮೊದಲು ಕೆಚ್ಚಲಿನ ಬುಡದಲ್ಲಿ ಬಿಗಿಯುತ್ತವೆ, ಆಮೇಲೆ ನಡುಬೆರಳು, ಉಂಗುರಬೆರಳು, ಕಿರುಬೆರಳು ಸರದಿಯಲ್ಲಿ ಮುಚ್ಚುತ್ತವೆ. ಹಾಲು ಮೇಲೆ ಹೋಗಲು ದಾರಿಯಿಲ್ಲ, ಕೆಳಗೇ ಬರಬೇಕು. ಬೆರಳು ಹಾಲನ್ನು ಮುಟ್ಟುವುದೂ ಇಲ್ಲ.

ಈ ಉಪಾಯವನ್ನು ಯಂತ್ರಕ್ಕೆ ಕಲಿಸಿದವರ ಮನಸ್ಸಿನಲ್ಲಿ ಮೊದಲು ಇದ್ದದ್ದು ಬಾವಿ. ಅಮೆರಿಕದ ರೂಫಸ್ ಪೋರ್ಟರ್ ಮತ್ತು ಜೆ. ಡಿ. ಬ್ರ್ಯಾಡ್ಲಿ 1855ರಲ್ಲಿ ಇಂಥ ಪಂಪಿಗೆ ಪೇಟೆಂಟ್ ಪಡೆದದ್ದು ಬಾವಿಯಿಂದ ನೀರೆತ್ತಲು. 1881ರಲ್ಲಿ ಯೂಜೀನ್ ಆಲೆನ್ ಎಂಬವನು ಅದೇ ತತ್ತ್ವವನ್ನು ರಕ್ತ ಕೊಡುವ ಉಪಕರಣಕ್ಕೆ ಅಳವಡಿಸಿ ಪೇಟೆಂಟ್ ಪಡೆದ. ಮೆತ್ತನೆಯ ನಳಿಗೆ, ಅದನ್ನು ಒತ್ತುತ್ತಾ ಉರುಳುವ ಗಾಲಿ. ಕಬ್ಬಿನ ಗಾಣದ ಉರುಳೆಗಳು ಕಬ್ಬನ್ನು ಹಿಂಡಿದಂತೆ ಗಾಲಿ ನಳಿಗೆಯನ್ನು ಹಿಂಡುತ್ತಾ ಮುಂದೆ ಹೋಗುತ್ತದೆ, ರಕ್ತ ಅದರ ಮುಂದೆ ಸಾಗುತ್ತದೆ. 1932ರ ಹೊತ್ತಿಗೆ ನ್ಯೂ ಆರ್ಲಿಯನ್ಸಿನ ಟ್ಯೂಲೇನ್ ವಿಶ್ವವಿದ್ಯಾಲಯದಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಮೈಕೆಲ್ ಡಿಬೇಕಿ ಈ ಗಾಲಿ ಪಂಪನ್ನು ಸುಧಾರಿಸಿದ. 1934ರಲ್ಲಿ ಅದರ ಬಗ್ಗೆ ಬರೆದ. ದಾನಿಯ ತೋಳಿನಿಂದ ರೋಗಿಯ ತೋಳಿಗೆ ರಕ್ತವನ್ನು ತಡೆಯಿಲ್ಲದೆ ಹರಿಸುವುದು ಅವನ ಉದ್ದೇಶ.

ಗಾಲಿ ಅಲ್ಲಿಗೇ ನಿಲ್ಲಲಿಲ್ಲ. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಹದಿನೆಂಟು ವರ್ಷದ ಹುಡುಗಿಯೊಬ್ಬಳ ಹೃದಯದ ತೂತನ್ನು ಹೊಲಿಯುವಾಗ 26 ನಿಮಿಷ ಅವಳ ಹೃದಯದ, ಶ್ವಾಸಕೋಶದ ಕೆಲಸವನ್ನು ಯಂತ್ರ ಮಾಡಿತು. ಅದರಲ್ಲಿ ರಕ್ತವನ್ನು ತಳ್ಳಿದ್ದು ಇಂಥ ಗಾಲಿ ಪಂಪುಗಳೇ. ಹುಡುಗಿ ಬದುಕಿದಳು. ಮರುವರ್ಷ ಮಾರ್ಚ್ 26ರಂದು ಮಿನಿಯಾಪೊಲಿಸ್‌ನಲ್ಲಿ ವಾಲ್ಟನ್ ಲಿಲ್ಲೆಹೈ ಇನ್ನೂ ಧೈರ್ಯದ ಕೆಲಸಕ್ಕೆ ಕೈಹಾಕಿದ. ಒಂದು ಕೂಸಿನ ಹೃದಯ ತೆರೆದು ಸರಿಪಡಿಸುವಾಗ ಅಪ್ಪನ ದೇಹವನ್ನೇ ಅದರ ಶ್ವಾಸಕೋಶವಾಗಿಸಿದ. ಇಬ್ಬರ ನಡುವೆ ರಕ್ತವನ್ನು ಸಮ ಅಳತೆಯಲ್ಲಿ ಹರಿಸಿದ ಪಂಪಿಗೆ ಗಾಲಿಯ ಬದಲು ಲೋಹದ ಬೆರಳುಗಳಿದ್ದವು. ಸಾಲಾಗಿ, ಒಂದಾದ ಮೇಲೊಂದು ನಳಿಗೆಯನ್ನು ಒತ್ತುವ ಬೆರಳುಗಳು. ಆ ಕೂಸು ಶಸ್ತ್ರಚಿಕಿತ್ಸೆಯಿಂದ ಎದ್ದು ಬಂದರೂ ಹನ್ನೊಂದು ದಿನಗಳ ನಂತರ ತೀರಿಕೊಂಡಿತು. ಅದೇ ದಾರಿಯಲ್ಲಿ ಆಮೇಲೆ ಅನೇಕ ಮಕ್ಕಳು ಉಳಿದರು.

ಇಂದು ಹಾಸಿಗೆಯ ಪಕ್ಕದಲ್ಲಿರುವ ಪೆರಿಸ್ಟಾಲ್ಟಿಕ್ ಇನ್‌ಫ್ಯೂಷನ್ ಪಂಪಿನ ಬಾಗಿಲು ತೆರೆದರೆ ಆ ಬೆರಳುಗಳೇ ಕಾಣುತ್ತವೆ, ಗಾತ್ರದಲ್ಲಿ ಕುಗ್ಗಿ. ಸಲೈನಿನ ನಳಿಗೆಯನ್ನು ಅವುಗಳ ಮುಂದೆ ನೇರವಾಗಿ ಕೂರಿಸಿ ಬಾಗಿಲು ಹಾಕುತ್ತಾರೆ. ಒಳಗಿನ ಮೋಟಾರು ಅಳತೆಯ ಹೆಜ್ಜೆಯಲ್ಲಿ ತಿರುಗಿದಂತೆ ಬೆರಳುಗಳು ಮೇಲಿನಿಂದ ಕೆಳಕ್ಕೆ ಸರದಿಯಲ್ಲಿ ಒತ್ತುತ್ತವೆ. ಯಾವ ಗಳಿಗೆಯಲ್ಲೂ ಒಂದಾದರೂ ಬೆರಳು ನಳಿಗೆಯನ್ನು ಪೂರ್ತಿ ಮುಚ್ಚಿರುವುದರಿಂದ ದ್ರವ ತಾನಾಗಿ ಜಾರುವಂತಿಲ್ಲ, ಹಿಂದಕ್ಕೂ ಬರುವಂತಿಲ್ಲ. ಔಷಧಿ ನಳಿಗೆಯೊಳಗೇ ಇರುತ್ತದೆ, ಯಂತ್ರದ ಯಾವ ಭಾಗವೂ ಅದಕ್ಕೆ ತಾಗುವುದಿಲ್ಲ. ಹೀಗಾಗಿ ಸೋಂಕಿನ ಭಯ ಕಡಿಮೆ, ರೋಗಿಯಿಂದ ರೋಗಿಗೆ ನಳಿಗೆ ಮಾತ್ರ ಬದಲಿಸಿದರೆ ಸಾಕು. ನಳಿಗೆಯಲ್ಲಿ ಗಾಳಿಯ ಗುಳ್ಳೆ ಬಂದರೆ, ಎಲ್ಲೋ ಮಡಚಿ ಒತ್ತಡ ಏರಿದರೆ, ಬಾಟಲಿ ಮುಗಿದರೆ ಯಂತ್ರ ಕೂಗುತ್ತದೆ. ಒಂದೇ ಜಾಗದಲ್ಲಿ ಸಾವಿರಾರು ಸಲ ಒತ್ತಿಸಿಕೊಂಡ ನಳಿಗೆ ಕ್ರಮೇಣ ತನ್ನ ಪುಟಿತ ಕಳೆದುಕೊಂಡು ಅಳತೆ ತಪ್ಪಿಸುತ್ತದೆ. ಅದಕ್ಕೇ ಗೊತ್ತಾದ ಅವಧಿಗೆ ಅದನ್ನು ಬದಲಿಸಬೇಕು.

ಇಷ್ಟು ನಾಜೂಕು ಏಕೆ ಬೇಕು ಎಂದು ನೀವು ಕೇಳಬಹುದು. ರಕ್ತದೊತ್ತಡ ಕುಸಿದವರಿಗೆ ಕೊಡುವ ನಾರ್‌ಅಡ್ರಿನಲಿನ್ ರಕ್ತದಲ್ಲಿ ಉಳಿಯುವುದು ಕೆಲವೇ ನಿಮಿಷ. ಅದನ್ನು ತಾಸಿಗೆ 3 ಮಿಲಿಲೀಟರಿನಂತೆ ಕೊಡಬೇಕೆಂದುಕೊಳ್ಳಿ. ಸಾಮಾನ್ಯ ಡ್ರಿಪ್ಪಿನ ಲೆಕ್ಕದಲ್ಲಿ ಅದು ನಿಮಿಷಕ್ಕೆ ಒಂದೇ ಹನಿ. ಒಂದು ಹನಿ ತಪ್ಪಿದರೆ ಒತ್ತಡ ಇಳಿಯುತ್ತದೆ, ಎರಡು ಹನಿ ಒಟ್ಟಿಗೆ ಬಿದ್ದರೆ ಏರುತ್ತದೆ. ಇಂಥ ಸಣ್ಣ ಪ್ರಮಾಣಕ್ಕೆ ಈ ಪಂಪನ್ನೋ, ಸಿರಿಂಜನ್ನು ಕೂದಲೆಳೆಯಷ್ಟು ಸರಿಸುವ ಇದರ ಸೋದರ ಸಿರಿಂಜ್ ಪಂಪನ್ನೋ ಬಳಸುತ್ತಾರೆ. ಮನುಷ್ಯರ ಕಣ್ಣು ಇಡೀ ರಾತ್ರಿ ನಿಮಿಷಕ್ಕೊಂದು ಹನಿಯನ್ನು ಕಾಯಲಾರದು.

ಬಾದಾಮಿಯಂಥ ಊರಿಗೆ ಇದು ದೂರದ ಸಂಗತಿಯಲ್ಲ. ಕಾಯಿಲೆ ಬಿಗಡಾಯಿಸಿದರೆ ಇಲ್ಲಿಂದ ಬಾಗಲಕೋಟೆಗೋ ಹುಬ್ಬಳ್ಳಿಗೋ ಹೋಗಬೇಕು. ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹಾನಗಲ್ಲ ಕುಮಾರೇಶ್ವರರ ಹೆಸರಿದೆ. 1909ರಲ್ಲಿ ಬಾದಾಮಿ ತಾಲ್ಲೂಕಿನ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಕಟ್ಟಿದ ಸ್ವಾಮಿಗಳು ಅವರು. ಆ ದಾರಿಯಲ್ಲಿ ಆಂಬುಲೆನ್ಸ್ ಓಡುವಾಗ ಕೊಕ್ಕೆಗೆ ತೂಗಿದ ಬಾಟಲಿ ಪ್ರತಿ ತಗ್ಗಿನಲ್ಲೂ ತೂಗಾಡುತ್ತದೆ, ಮೇಲಿನ ಎತ್ತರ ಬದಲಾದಂತೆ ಹನಿಯ ವೇಗವೂ ಬದಲಾಗುತ್ತದೆ. ಹಾವು ಕಚ್ಚಿದವರು, ಹೆರಿಗೆಯಲ್ಲಿ ನಂಜೇರಿದವರು, ಎದೆನೋವಿನವರು ದಾಟುವ ದಾರಿ ಅದು. ಬೆರಳಿನ ಪಂಪಿಗೆ ಬಾಟಲಿಯ ಎತ್ತರದ ಹಂಗು ಕಡಿಮೆ, ಬ್ಯಾಟರಿಯಿದ್ದರೆ ಕರೆಂಟಿನ ಹಂಗೂ ಇಲ್ಲ. ಅಂಥ ಪಂಪೊಂದು ವಾಹನದಲ್ಲಿದೆಯೋ ಇಲ್ಲವೋ, ಇದ್ದರೆ ಅದನ್ನು ನಡೆಸಬಲ್ಲವರು ಪಕ್ಕದಲ್ಲಿದ್ದಾರೋ ಇಲ್ಲವೋ ಎಂಬುದು ಆ ದಾರಿಯಲ್ಲಿ ಜೀವದ ಪ್ರಶ್ನೆ.

ಹಾಗೆಂದು ಯಂತ್ರಕ್ಕೆ ಆರತಿ ಎತ್ತಬೇಕಾಗಿಲ್ಲ. 2005ರಿಂದ 2009ರವರೆಗಿನ ಐದು ವರ್ಷಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತಕ್ಕೆ ಇನ್‌ಫ್ಯೂಷನ್ ಪಂಪುಗಳಿಗೆ ಸಂಬಂಧಿಸಿದ ಅನಾಹುತಗಳ ಸುಮಾರು 56,000 ವರದಿಗಳು ಬಂದವು, 87 ಸಲ ಪಂಪುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. 2010ರಲ್ಲಿ ಅಲ್ಲಿ ನಿಯಮಗಳನ್ನು ಬಿಗಿಗೊಳಿಸಿದರು. ತಪ್ಪುಗಳು ಹಲವು ಬಗೆಯವು. ಸಾಫ್ಟ್‌ವೇರ್ ಕೈಕೊಟ್ಟದ್ದುಂಟು. 5.0 ಎಂದು ಒತ್ತಬೇಕಾದಲ್ಲಿ ಚುಕ್ಕಿ ಬಿಟ್ಟು 50 ಎಂದು ಒತ್ತಿದರೆ ಔಷಧಿ ಹತ್ತು ಪಟ್ಟಾಗುತ್ತದೆ. ಬೆರಳುಗಳು ಅಷ್ಟೇ ನಿಷ್ಠೆಯಿಂದ ಆ ಹತ್ತು ಪಟ್ಟನ್ನೂ ತಳ್ಳುತ್ತವೆ. ಚಕ್ರವನ್ನು ಬಿಗಿಯದೆ ನಳಿಗೆಯನ್ನು ಪಂಪಿನಿಂದ ಹೊರತೆಗೆದರೆ ಬಾಟಲಿಯಲ್ಲಿದ್ದದ್ದೆಲ್ಲ ಒಮ್ಮೆಗೇ ಇಳಿದುಬಿಡಬಹುದು. ಇದನ್ನು ತಡೆಯಲು ಬಾಗಿಲು ತೆರೆದೊಡನೆ ನಳಿಗೆ ತಾನೇ ಮುಚ್ಚಿಕೊಳ್ಳುವ ಏರ್ಪಾಟು ಬಂದಿದೆ. ಇನ್ನೊಂದು ಸಮಸ್ಯೆ ಕೂಗಿನದು. ಹತ್ತು ಪಂಪುಗಳು ಒಟ್ಟಿಗೆ ಕೂಗುವ ವಾರ್ಡಿನಲ್ಲಿ ಯಾವ ಕೂಗು ನಿಜವಾದದ್ದೆಂದು ಕಿವಿಗೆ ತಿಳಿಯದಂತಾಗುತ್ತದೆ.

ಈ ಚರಿತ್ರೆಗೆ ಒಂದು ಮರುಪಯಣವೂ ಇದೆ. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಕರುಳಿನಲ್ಲಿ ಸಕ್ಕರೆ ಮತ್ತು ಉಪ್ಪು ಜೊತೆಯಾಗಿ ಒಳಸೇರುತ್ತವೆ ಎಂದು ತೋರಿಸಿದ. ಹಾಗಿದ್ದರೆ ಉಪ್ಪು–ಸಕ್ಕರೆಯ ನೀರನ್ನು ಬಾಯಿಂದಲೇ ಕುಡಿಸಬಹುದಲ್ಲ? 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಗಡಿ ದಾಟಿ ಬಂದಾಗ ಬಂಗಾಳದ ಬೊಂಗಾವ್‌ನಲ್ಲಿ ಕಾಲರಾ ಹಬ್ಬಿತು. ಸಲೈನ್ ಮುಗಿಯುತ್ತಾ ಬಂತು, ಹಚ್ಚುವ ಕೈಗಳೂ ಸಾಲದಾದವು. ಡಾ. ದಿಲೀಪ್ ಮಹಲನಬಿಸ್ ಡ್ರಮ್ಮುಗಳಲ್ಲಿ ಉಪ್ಪು–ಗ್ಲೂಕೋಸಿನ ನೀರು ಕಲೆಸಿ ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟರು. ಅವರ ಆರೈಕೆಯಲ್ಲಿದ್ದವರಲ್ಲಿ ಸಾವಿನ ಪ್ರಮಾಣ 3.6 ಪ್ರತಿಶತಕ್ಕೆ ಇಳಿಯಿತು. ಬಾವಿಯ ಪಂಪಿಗೂ ಐಸಿಯುವಿನ ಪೆಟ್ಟಿಗೆಗೂ ಯಾವ ಅಂಗದ ನಡೆ ಮಾದರಿಯಾಗಿತ್ತೋ ಆ ಕರುಳಿಗೇ ಅವರು ಕೆಲಸವನ್ನು ಹಿಂದಿರುಗಿಸಿದ್ದರು. ಎಚ್ಚರವಿರುವ, ನುಂಗಬಲ್ಲ ಬಹುಪಾಲು ರೋಗಿಗಳಿಗೆ ಅದಕ್ಕಿಂತ ಅಗ್ಗದ, ಅದಕ್ಕಿಂತ ಚೆನ್ನಾದ ಪಂಪು ಇಂದಿಗೂ ಇಲ್ಲ. ಸುಸ್ತಾದರೆ ಬಾಟಲಿ ಹಚ್ಚಿಸಿಕೊಳ್ಳಬೇಕೆಂಬ ನಮ್ಮ ಊರುಗಳ ನಂಬಿಕೆ ಇದನ್ನು ಇನ್ನೂ ಒಪ್ಪಿಲ್ಲ.

ಬೊಂಗಾವ್‌ನ ಲೋಟಕ್ಕೂ ಐಸಿಯುವಿನ ಪಂಪಿಗೂ ಹೋಲಿಕೆ ಕಡಿಮೆ ಎನ್ನಿಸಬಹುದು. ನನಗೆ ಎರಡರಲ್ಲೂ ಒಂದೇ ಕೆಲಸ ಕಾಣುತ್ತದೆ. ಲೋಟ ಹಿಡಿದ ತಾಯಿ ಮಗುವಿಗೆ ಗುಟುಕು ಗುಟುಕಾಗಿ ಕುಡಿಸಿದಳು, ವಾಂತಿಯಾದರೆ ತುಸು ತಡೆದು ಮತ್ತೆ ಕುಡಿಸಿದಳು, ಬೆಳಗಾಗುವವರೆಗೆ ಎದ್ದು ಹೋಗಲಿಲ್ಲ. ಲೋಹದ ಬೆರಳುಗಳೂ ಬಿಟ್ಟುಹೋಗದೆ ಒತ್ತುತ್ತವೆ. ಆದರೆ ಅವು ಕೂಗಿದಾಗ ಓಡಿ ಬರಲು ಎಚ್ಚರವಿರುವ ಮನುಷ್ಯರೊಬ್ಬರು ಇರಲೇಬೇಕು. ಯಂತ್ರ ಕೊಳ್ಳುವ ದುಡ್ಡಿನ ಜೊತೆಗೆ ಅವರನ್ನು ನೇಮಿಸುವ ದುಡ್ಡನ್ನೂ ಆಸ್ಪತ್ರೆಗಳು ಲೆಕ್ಕಕ್ಕೆ ಹಿಡಿಯಬೇಕು. 1832ರಲ್ಲಿ ಲೀತ್‌ನ ಆ ಮುದುಕಿಗೆ ಬೇಕಾಗಿದ್ದದ್ದು ಇನ್ನೊಂದಿಷ್ಟು ಉಪ್ಪುನೀರು, ಮತ್ತು ಇನ್ನೈದು ತಾಸು ಪಕ್ಕದಲ್ಲಿ ಕೂರುವವರು ಒಬ್ಬರು.